ಭಗವತಿಯ ಮುಂದೆ ಎಸೆದ ಅಕ್ಕಿ

"ಸಾಹೇಬ್ರೇ, ಆ ಮರ ಮುಟ್ಬೇಡಿ. ಕೆಂಪು ಬಟ್ಟೆ ಕಟ್ಟಿರೋದು ಕಾಣಲ್ವಾ? ಈ ಕಾಡು ಭಗವತಿಗೆ ಬಿಟ್ಟಿದ್ದು. ಒಣಗಿದ ಕಡ್ಡೀನೂ ನಾವು ಎತ್ತಲ್ಲ" ಎಂದ ಮೇಸ್ತ್ರಿ ಹಯಾತ್ ಸಿಂಗ್.

ರಸ್ತೆ ಗುತ್ತಿಗೆ ಹಿಡಿದು ಮೀರತ್ತಿನಿಂದ ಬೆಟ್ಟ ಹತ್ತಿದ್ದ ಸತ್ಪಾಲ್ ತೋಮರ್ ಆ ಬಟ್ಟೆ ಕಿತ್ತು ಮೂಗು ಒರೆಸಿಕೊಂಡ. "ಮರ ಸುಟ್ಟಾಗ ನಿಮ್ಮ ಭಗವತೀನೂ ಬಂದು ಮೈ ಕಾಯಿಸ್ಕೊಳ್ಳಲಿ!"

ಕೂಲಿಯವರು ಕೊಡಲಿ ಕೆಳಗಿಟ್ಟರು. ಸತ್ಪಾಲ್ ತಾನೇ ಒಂದನ್ನು ಎತ್ತಿಕೊಂಡ. ವಿನಾಶಕಾಲೇ ವಿಪರೀತ ಬುದ್ಧಿ ಎನ್ನುವುದು ಸುಮ್ಮನೆಯೇ?

ಮೊದಲ ಏಟಿಗೆ ಆ ಬಾಂಜ್ ಮರದಿಂದ ಹಸಿ ತೊಗಟೆಯ ಒಗರು ವಾಸನೆ ಹೊಮ್ಮಿತು. ಅದರ ಬುಡದ ಒರತೆಯೇ ಊರಿಗೆಲ್ಲ ನೀರು. ಹುಲ್ಲಿನ ಹೊರೆ ಎಸೆದು ಅಡ್ಡ ಬಂದ ಮುದುಕಿ ಖಿಮುಲಿ ಆಮಾಳನ್ನು ಅವನು ಬೂಟುಗಾಲಿನಿಂದ ಒದ್ದ. ತುಟಿ ಒಡೆಯಿತು. ಆಕೆ ಅಳಲಿಲ್ಲ. ಪಕ್ಕದ ದಿಬ್ಬದ ಗುಡಿಗೆ ಹತ್ತಿ, ದೇವಿಯ ಮುಂದೆ ಅಕ್ಕಿ ಎಸೆದಳು.

"ಕೊಡಲಿ ಹಿಡಿದ ಆ ಕೈ ಇನ್ನು ಅವನ ಮಾತು ಕೇಳದೆ ಹೋಗ್ಲಿ, ತಾಯೀ!"

ಹಯಾತ್ ಸಿಂಗ್ ಸತ್ಪಾಲನತ್ತ ತಿರುಗಿದ. "ಆಮಾ ಘಾತ ಹಾಕಿದ್ಲು, ದೇವಿ ಮುಂದೆ ಶಾಪ ಇಟ್ಲು! ಅದು ಇಳೀಬೇಕಂದ್ರೆ ಎಸೆದೋಳೇ ಆ ಅಕ್ಕಿ ಎತ್ತಿ ನಿಮ್ಮ ಹಣೆಗೆ ಹಚ್ಚಬೇಕು, ಬೇರೆ ಯಾರ ಕೈಲೂ ಆಗಲ್ಲ. ಹೋಗಿ ಕಾಲು ಹಿಡೀರಿ."

"ಹೋಗಲೋ, ಪುಕ್ಕಲ!"

ಮತ್ತೆ ಬೀಸಿದ. ಕೊಡಲಿ ಮರಕ್ಕೆ ಬೀಳಲಿಲ್ಲ. ಗಾಳಿಯಲ್ಲೇ ತಿರುಗಿ ಅವನದೇ ಮೊಣಕಾಲನ್ನು ಕಡಿಯಿತು. ಬಿಳಿ ಮೂಳೆ ಕಂಡಿತು. ಬಿಡಿಸಲು ಓಡಿಬಂದ ಹಯಾತ್ ಸಿಂಗನ ಭುಜ ಸೀಳಿತು. ಬಿಡು ಎಂದರೆ ಸತ್ಪಾಲನ ಬೆರಳುಗಳು ಬಿಡಲೊಲ್ಲವು. ಅಯ್ಯೋ, ಅಂಥ ಗಂಡಸು ಹಸುಗೂಸಿನಂತೆ ಕಿರುಚಿದ.

ಮೆಟ್ಟಿಲ ಮೇಲೆ ರಕ್ತದ ಗೆರೆ ಎಳೆಯುತ್ತ ಗುಡಿಯೊಳಕ್ಕೆ ತೆವಳಿದ. ಕತ್ತಲು. ಹಳೆಯ ತುಪ್ಪದ ಕಮಟು. "ಆಮಾ, ತಪ್ಪಾಯ್ತು! ವಾಪಸ್ ತಗೋ!"

ಮುದುಕಿಯ ಸಿಟ್ಟು ಇಳಿಯಿತು. ಹೆತ್ತ ಕರುಳಲ್ಲವೇ! "ಅಳ್ಬೇಡ ಮಗಾ. ಹಣೆ ತೋರ್ಸು." ಅಕ್ಕಿ ಕಾಳು ಆಯ್ದುಕೊಂಡು ಬಾಗಿದಳು.

ಕೊಡಲಿ ಹಿಡಿದ ಅವನ ಬಲಗೈ ಏಳುತ್ತಿತ್ತು.

"ಹತ್ರ ಬರ್ಬೇಡ ಆಮಾ!"

ಬೇಡ. ಬೇಡ. ಕೊಡಲಿ ಅವಳ ನೆತ್ತಿಗೆ ಬಿತ್ತು. ಬಿಸಿ ರಕ್ತ ಅವನ ಹಣೆಗೆ ಸಿಡಿಯಿತು. ಅಕ್ಕಿ ಮುದುಕಿಯ ಮುಷ್ಟಿಯಲ್ಲೇ ಉಳಿಯಿತು.

ಊರವರು ಬಾಗಿಲಲ್ಲಿ ನಿಂತರು. ಒಬ್ಬರೂ ಒಳಗೆ ಬರಲಿಲ್ಲ. ಕೈ ಮತ್ತೆ ಎದ್ದಿತು, ಈ ಸಲ ಅವನ ಕುತ್ತಿಗೆಯ ಕಡೆಗೆ. ಎಡಗೈಯಿಂದ ಅದರ ಮಣಿಕಟ್ಟು ಹಿಡಿದ.

"ಯಾರಾದ್ರೂ ಬಂದು ಹಿಡ್ಕೊಳ್ರೋ!"

ಎಡಗೈ ಸೋಲತೊಡಗಿತ್ತು.