ಸಮನ್ವಿತಾಳ ಹಲ್ಲು ಸವೆಸಿದವರು ಯಾರು?

"ಸರ್, ನಾಳೆ ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ. ನನ್ನ ಕ್ಲಿನಿಕ್ ಕತೆ ಮುಗೀತು," ಎನ್ನುತ್ತ ದಂತವೈದ್ಯೆ ವರ್ಷಿಣಿ ಬಂದು ಕುಳಿತಾಗ ದಿಲೀಪನ ಬಾಯಿಗೆ ಹೊರಟಿದ್ದ ದೋಸೆ ಅರ್ಧದಲ್ಲೇ ನಿಂತಿತು. ಪತ್ತೇದಾರ ನಂಜುಂಡಯ್ಯನವರ ಮಹಡಿಯಲ್ಲಿ ಬಾಡಿಗೆಗಿದ್ದ ಅವನಿಗೆ ಭಾನುವಾರದ ತಿಂಡಿಯ ಜೊತೆ ಇಂಥ ಕೇಸುಗಳೂ ಪುಕ್ಕಟೆಯಾಗಿ ಸಿಗುತ್ತಿದ್ದವು.

ಮೂರು ತಿಂಗಳ ಹಿಂದೆ ಲಕ್ಷ್ಮೀಪುರಂನ ಸಮನ್ವಿತಾ ಮುಂದೆ ಬರಲಿದ್ದ ತನ್ನ ಮದುವೆಗೆಂದು ವರ್ಷಿಣಿಯ ಹತ್ತಿರ ಹಲ್ಲು ಬಿಳುಪು ಮಾಡಿಸಿಕೊಂಡಿದ್ದಳು. ಈಗ ತಣ್ಣೀರು ಕುಡಿದರೂ ಹಲ್ಲು ಜುಮ್ಮೆನ್ನುತ್ತಿತ್ತು, ಅಂಚುಗಳು ಗಾಜಿನಂತೆ ತೆಳ್ಳಗಾಗಿದ್ದವು. ನಕಲಿ ಜೆಲ್ ಹಚ್ಚಿ ಮಗಳ ಹಲ್ಲು ಕೆಡಿಸಿದ್ದಾಳೆ ಎಂದು ತಾಯಿ ವೇದವತಿ ಊರೆಲ್ಲ ಹೇಳಿಕೊಂಡು ಬಂದಿದ್ದರು.

"ಜೆಲ್ ಎಲ್ಲಿಗೆ ಹಚ್ಚಿದ್ರಮ್ಮ?" ಎಂದರು ನಂಜುಂಡಯ್ಯ.

"ಮುಂದಿನ ಹಲ್ಲುಗಳ ಹೊರಮೈಗೆ ಮಾತ್ರ ಸರ್. ಅದೂ ಒಂದೇ ಸಲ."

ಅಂದೇ ನಂಜುಂಡಯ್ಯ, ದಿಲೀಪ ಇಬ್ಬರೂ ವೇದವತಿಯವರ ಮನೆಗೆ ಹೋದರು. "ಅವಳ ಪರವಾಗಿ ಬಂದಿದ್ರೆ ಬಾಗಿಲು ಅಲ್ಲೇ ಇದೆ ಕಣ್ರೀ," ಎಂದು ಸಿಡುಕಿದರೂ ಆಕೆ ಲೋಟಗಳನ್ನು ತಂದಿಟ್ಟರು. ದಿಲೀಪ ಆಸೆಯಿಂದ ಇಣುಕಿದ. ನಿಂಬೆ ಶರಬತ್ತು! ಲಕ್ಷ್ಮೀಪುರಂನ ಮನೆಯಲ್ಲಿ ಬೆಳಗಿನ ಹೊತ್ತು ಕಾಫಿ ಇಲ್ಲವೆಂದರೆ ಏನರ್ಥ? ಅವನಿಗೆ ನಿಜಕ್ಕೂ ಸಿಟ್ಟು ಬಂತು. ಸಮನ್ವಿತಾ ಅದೇ ಶರಬತ್ತಿನ ಬಾಟಲಿ ಹಿಡಿದು ಗುಟುಕು ಗುಟುಕಾಗಿ ಹೀರುತ್ತಿದ್ದಳು. ನಡುವೆ ತಾಯಿ ಕಣ್ಸನ್ನೆ ಮಾಡಿದ್ದೇ ತಡ, ಎದ್ದು ಹೋಗಿ ಹಲ್ಲುಜ್ಜಿ ಬಂದಳು. ನಂಜುಂಡಯ್ಯ ಟಾರ್ಚು ಬಿಟ್ಟು ಅವಳ ಬಾಯಿಯನ್ನು ಒಳಗಿನವರೆಗೂ ನೋಡಿದರು. ಸಂಜೆ ಎಲ್ಲರೂ ಕ್ಲಿನಿಕ್ಕಿಗೆ ಬರಬೇಕೆಂದಷ್ಟೇ ಹೇಳಿ ಹೊರಟರು.

ಸಂಜೆ ಎಲ್ಲರೂ ಕುಳಿತ ಮೇಲೆ ಅವರು ಮಾತು ತೆಗೆದರು. "ಜೆಲ್ ಕೆಡಿಸಿದ್ದಿದ್ರೆ ಹಚ್ಚಿದ ಕಡೆ ಮಾತ್ರ ಕೆಡಬೇಕಿತ್ತು. ಆದ್ರೆ ಹಿಂದಿನ ದವಡೆ ಹಲ್ಲುಗಳ ಮೇಲೂ ಗುಳಿ ಬಿದ್ದಿದೆ. ಅಲ್ಲೀವರೆಗೆ ಹೋಗಿದ್ದು ಬಾಯ್ತುಂಬ ಹರಿಯೋ ವಸ್ತುವೇ. ವೇದವತಿಯವರೇ, ಮನೇಲಿ ಕಾಫಿ ಯಾಕೆ ನಿಲ್ಲಿಸಿದ್ರಿ?"

"ಈ ಡಾಕ್ಟ್ರೇ ಹೇಳಿದ್ದು! ಎರಡು ದಿನ ಬಣ್ಣ ಇರೋದೇನೂ ಕುಡೀಬಾರದು ಅಂತ. ಎರಡು ದಿನ ಯಾಕೆ, ಮದುವೆವರೆಗೂ ಇರ್ಲಿ ಅಂತ ಮನೆಯವರೆಲ್ಲಾ ಬಿಟ್ವಿ."

"ಬದಲಿಗೆ ಬಣ್ಣ ಇಲ್ಲದ ನಿಂಬೆ ಶರಬತ್ತು, ದಿನವೆಲ್ಲ. ಹುಳಿ ತಾಗಿದ್ರೆ ಹಲ್ಲಿನ ಎನಾಮಲ್ ಮೆತ್ತಗಾಗುತ್ತೆ. ಆಗಲೇ ಬ್ರಷ್ ಹಾಕಿ ಉಜ್ಜಿದ್ರೆ ಸವೆದು ಹೋಗುತ್ತೆ. ಬಿಳುಪು ಮಾಡಿಸಿದಾಗ ಕೆಲವು ದಿನ ಜುಮ್ಮೆನ್ನೋದು ಸಹಜ, ಆಮೇಲೆ ತಾನೇ ಹೋಗುತ್ತೆ. ಇವಳದು ಹೋಗಲಿಲ್ಲ, ಯಾಕಂದ್ರೆ ಹುಳಿ ನಿಲ್ಲಲೇ ಇಲ್ಲ."

ವೇದವತಿಯವರ ಮುಖ ಬಾಡಿತು. "ಹಾಗಾದ್ರೆ ನಾನೇ... ನನ್ನ ಕೈಯಾರೆ..."

"ನಂದೂ ತಪ್ಪಿದೆಮ್ಮ. ಬಣ್ಣದ ಮಾತು ಹೇಳಿದೆ, ಹುಳಿಯ ಮಾತು ಹೇಳಲಿಲ್ಲ," ಎಂದಳು ವರ್ಷಿಣಿ.

"ಸವೆದಿದ್ದು ಮತ್ತೆ ಬೆಳೆಯುತ್ತಾ?" ಎಂದು ವೇದವತಿ ಅವಳನ್ನು ಕೇಳಿದರು.

"ಇಲ್ಲ. ಉಳಿದಿರೋದನ್ನ ಕಾಪಾಡಬಹುದು."

ವರ್ಷಿಣಿಯ ಬದುಕು ಆ ಹೆಂಗಸಿನ ನಾಲಿಗೆಯ ತುದಿಯಲ್ಲಿದೆ ಎಂದುಕೊಂಡು ದಿಲೀಪ ವೇದವತಿಯವರನ್ನೇ ನೋಡಿದ. ವೇದವತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನು ಕೈಹಿಡಿದು ಎಬ್ಬಿಸಿದರು.

"ನೀವೇ ಕಾಪಾಡಿ ಡಾಕ್ಟ್ರೇ. ಬೇರೆ ಯಾರ ಹತ್ರಾನೂ ಕರ್ಕೊಂಡು ಹೋಗಲ್ಲ."

ವರ್ಷಿಣಿ ಕೈಗವಸು ಹಾಕಿಕೊಂಡು ದೀಪ ಎಳೆದಳು. "ಬಾಮ್ಮ, ಕೂತ್ಕೋ. ಬಾಯಿ ತೆಗಿ."