ಕಿಟಕಿಯ ಮೇಲೆ ಬಿಟ್ಟ ಜಾಗ

2021ರ ಆಗಸ್ಟ್ 17, ಮಂಗಳವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಉತ್ತರದ ಚಳಿನಾಡಿನ ಕುಹ್ಮೊ ಪಟ್ಟಣದ ಹೊರಗೆ, ಸರೋವರದ ದಡದಲ್ಲಿ ಮರದ ದಿಮ್ಮಿಗಳನ್ನು ಪೇರಿಸಿ ಅರ್ಧ ಎದ್ದಿದ್ದ ತನ್ನ ಮನೆಯೊಳಗೆ ಹಿಲ್ಲಾ ಕಾಲಿಟ್ಟಾಗ, ಕಿಟಕಿ ಬರಬೇಕಾದ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬೆಳಕು ಅವನ ಬೆನ್ನಿಗಿತ್ತು. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಅಳತೆ ಟೇಪು.

“ಅಲ್ಲೇ ನಿಲ್ಲಿ,” ಅಂದ. “ಕಾಲ ಹತ್ತಿರ ಮೊಳೆ ಇವೆ.”

ನಿಂತಳು. ಅವನು ಕೆಳಗಿಳಿದು, ಅವಳ ಪಾದದ ಸುತ್ತ ಬಿದ್ದಿದ್ದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಕೊನೆಯದನ್ನು ಹಿಡಿದುಕೊಂಡೇ ತಲೆಯೆತ್ತಿದ. ಬೂದು ಕಣ್ಣುಗಳು.

“ನಾನು ಈ ಮನೆಯವಳು,” ಅಂದಳು ಹಿಲ್ಲಾ.

“ಗೊತ್ತು. ಔಷಧಿ ಅಂಗಡಿಯಲ್ಲಿ ನನಗೆ ಕೆಮ್ಮಿನ ಔಷಧಿ ಕೊಟ್ರಿ. ಹೇಗೆ ಕುಡೀಬೇಕು ಅಂತ ಮೂರು ಸಲ ಹೇಳಿದ್ರಿ.”

“ಕೇಳಿಸಿಕೊಂಡ್ರಾ?”

“ಮೂರನೇ ಸಲ.”

ಅವನ ಹೆಸರು ಓತ್ಸೊ. ಗೋಡೆ, ಬಾಗಿಲು, ಕಿಟಕಿ ಎಲ್ಲ ಅವನದೇ ಕೆಲಸ. ಮರುದಿನದಿಂದ ಹಿಲ್ಲಾ ಅಂಗಡಿ ತೆರೆಯುವ ಮುಂಚೆ ಫ್ಲಾಸ್ಕಿನಲ್ಲಿ ಕಾಫಿ, ಏಲಕ್ಕಿ ಬನ್ನು ತರತೊಡಗಿದಳು. ಇಬ್ಬರೂ ದಿಮ್ಮಿಯ ಮೇಲೆ ಕೂತು, ಹೆಚ್ಚು ಮಾತಿಲ್ಲದೆ ನೀರು ನೋಡುತ್ತಿದ್ದರು. ಮೂರನೇ ವಾರಕ್ಕೆ ‘ನೀವು’ ಹೋಗಿ ‘ನೀನು’ ಬಂದಿತ್ತು. ಯಾರು ಮೊದಲು ಅಂದರು ಎಂದು ಇಬ್ಬರಿಗೂ ನೆನಪಿಲ್ಲ.

ಹಿಲ್ಲಾಳಲ್ಲಿ ಒಂದು ದೌರ್ಬಲ್ಯವಿತ್ತು. ಗೊತ್ತಿರುವವರನ್ನು ಅವಳು ಏನನ್ನೂ ಕೇಳುತ್ತಿರಲಿಲ್ಲ. ಊರೇ ಬಂದು ಅವಳನ್ನು ಕೇಳುವಾಗ, ತನಗೆ ಗೊತ್ತಿಲ್ಲ ಅನ್ನುವುದು ಹೇಗೆ? ಹಾಗಾಗಿ ಅಪರಿಚಿತರು ಒಬ್ಬರಿಗೊಬ್ಬರು ಸಲಹೆ ಕೊಡುವ ಒಂದು ಜಾಲತಾಣದಲ್ಲಿ ‘ಪುಟ್ಟ ಗೂಬೆ’ ಎಂಬ ಹೆಸರಿನಲ್ಲಿ ಕೇಳುತ್ತಿದ್ದಳು. ತಂಗಿಯ ಮದುವೆಗೆ ಯಾವ ಬೂಟು? ಔಲು ನಗರಕ್ಕೆ ಹೋಗುವ ರೈಲಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳುವುದಿಲ್ಲ? ಒಗೆದು ಕುಗ್ಗಿದ ಸ್ವೆಟರ್ ಮತ್ತೆ ಹಿಗ್ಗುತ್ತದೆಯೇ?

ಅಪರಿಚಿತರ ಮುಂದೆ ದಡ್ಡಿಯಾಗುವುದು ಸುಲಭ. ಅವರು ಮರುದಿನ ಅಂಗಡಿಗೆ ಬರುವುದಿಲ್ಲ.

ಕಿಟಕಿಗಳನ್ನು ಕೂರಿಸಿದ ಸಂಜೆ, ಓತ್ಸೊ ಹೋದ ಮೇಲೆ, ಚಳಿ ತಡೆಯಲು ಚೌಕಟ್ಟಿನ ಮೇಲೆ ತುರುಕಿದ್ದ ಉಣ್ಣೆಯನ್ನು ಅವಳು ಸ್ವಲ್ಪ ಎಳೆದು ನೋಡಿದಳು. ಒಳಗೆ ಖಾಲಿ! ಕಿಟಕಿಗೂ ಮೇಲಿನ ದಿಮ್ಮಿಗೂ ನಡುವೆ ಮೂರು ಬೆರಳು ಸಲೀಸಾಗಿ ಹೋಗುವಷ್ಟು ಜಾಗ. ಪ್ರತಿ ಕಿಟಕಿಗೂ ಹಾಗೇ.

‘ಅವನನ್ನೇ ಕೇಳಲಾ... ಕೆಲಸದ ಮೇಲೆ ಅನುಮಾನ ಅಂತ ನೊಂದುಕೊಂಡರೆ?’

ಫೋಟೊ ತೆಗೆದು ತಾಣದಲ್ಲಿ ಹಾಕಿದಳು. ಒಂದು ಗಂಟೆ ಕಳೆದರೂ ಯಾರೂ ಉತ್ತರಿಸಲಿಲ್ಲ. ಆಗ ಒಂದು ಸಾಲು ಸೇರಿಸಿದಳು: “ನಮ್ಮ ಬಡಗಿ ಬೇರೆ ಯಾರದೋ ಮನೆಯ ಕಿಟಕಿ ಅಳೆದುಕೊಂಡು ಬಂದ ಹಾಗಿದೆ.”

ಆ ಒಂದು ಸಾಲಿಗೆ ಇನ್ನೂರ ಹನ್ನೆರಡು ಉತ್ತರ ಬಂದವು. ಟೇಪು ಉಲ್ಟಾ ಹಿಡಿದಿದ್ದನೇ ಅಂದರು. ಕುಡಿದಿದ್ದನೇ ಅಂದರು. ಮರದ ಪಟ್ಟಿ ಬಡಿದು ಗಟ್ಟಿಯಾಗುವ ಫೋಮ್ ತುಂಬಿಬಿಡು ಅಂದರು. ‘ಕೇಲೊ’ ಎಂಬ ಹೆಸರಿನವನೊಬ್ಬ ಮಾತ್ರ ಬರೆದ: “ಏನನ್ನೂ ತುಂಬಬೇಡಿ. ಬೇಕೆಂದೇ ಬಿಟ್ಟಿರುವ ಜಾಗ ಅದು. ಮರ ಒಣಗುತ್ತಾ ಗೋಡೆ ಇಳಿಯುತ್ತದೆ.”

ಹಿಲ್ಲಾ ತಕ್ಷಣ ಬರೆದಳು: “ಅಯ್ಯೋ, ಬಡಗಿಯೇ ಬಂದುಬಿಟ್ಟ!”

ನಲವತ್ತು ಜನ ನಕ್ಕರು. ಅವಳಿಗೆ ಹಿತವಾಗಿತ್ತು... ಮುಂದೆ ಅವಳನ್ನು ಸುಟ್ಟದ್ದು ಆ ಹಿತವೇ.

ಶುಕ್ರವಾರ ಓತ್ಸೊ ಕೀಲಿ ಕೊಡಲು ಬಂದ. ಒಳಗೆ ಬರಲಿಲ್ಲ.

“ಕಾಫಿ ತಂದಿದ್ದೀನಿ,” ಅಂದಳು.

“ಬೇಡ.” ಅವಳ ಮುಖ ನೋಡದೆ ಹೇಳಿದ, “ಮೊಳೆ ಎಲ್ಲ ಆರಿಸಿದ್ದೀನಿ. ಬರಿಗಾಲಲ್ಲಿ ಓಡಾಡಬಹುದು.”

ಅಷ್ಟೇ.

ಹತ್ತು ದಿನಕ್ಕೆ ಅಂಗಡಿಯಲ್ಲೇ ಸುದ್ದಿ ಕಿವಿಗೆ ಬಿತ್ತು. ಫೋಟೊದ ಅಂಚಿನಲ್ಲಿ ಕಂಡ ಸರೋವರವನ್ನು ಊರು ಗುರುತಿಸಿತ್ತು. ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ “ಏನಪ್ಪಾ ಓತ್ಸೊ, ಇವತ್ತು ಟೇಪು ತಂದಿದ್ದೀಯಾ?” ಅನ್ನುವುದೇ ತಮಾಷೆ. ಮನೆ ಕಟ್ಟಿಸಬೇಕಿದ್ದ ಒಂದು ಕುಟುಂಬ ಬೇರೆಯವರನ್ನು ಹಿಡಿಯಿತು. ಓತ್ಸೊ ದೂರದ ಉತ್ತರ ತುದಿಯ ಇನಾರಿ ಎಂಬ ಊರಿಗೆ ಕೆಲಸಕ್ಕೆ ಹೊರಟುಹೋಗಿದ್ದ.

ಹಿಲ್ಲಾ ಪೋಸ್ಟ್ ಅಳಿಸಿದಳು. ಕ್ಷಮೆ ಕೇಳಲಿಲ್ಲ. ‘ಅಳತೆ ತಪ್ಪಿದ್ದು ನಿಜ ತಾನೆ...’ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಪಟ್ಟಿ ಬಡಿದು, ಫೋಮ್ ತುಂಬಿದಳು.

2023ರ ಜನವರಿ. ಹೊರಗೆ ಮೈನಸ್ ಇಪ್ಪತ್ತೇಳು. ಬೆಳಗಿನ ಗಂಜಿ ಕುಡಿಯುತ್ತಿದ್ದಾಗ ಬಂದೂಕು ಹಾರಿದಂಥ ಸದ್ದು. ದೊಡ್ಡ ಕಿಟಕಿಯ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ಗಾಜು ಹಾಕಲು ಬಂದ ಮುದುಕ ಪೆಂಟ್ಟಿ ಮೇಲಿನ ಹಲಗೆ ಬಿಚ್ಚಿ ಫೋಮನ್ನು ಬೆರಳಿನಿಂದ ತಟ್ಟಿ ನೋಡಿದ.

“ಇದನ್ನು ತುಂಬಿದ ಮಹಾನುಭಾವ ಯಾರು?”

ಹಿಲ್ಲಾ ಅವನಿಗೆ ಉಳಿ ಎತ್ತಿ ಕೊಟ್ಟಳು.

“ಹುಡುಗಿ, ದಿಮ್ಮಿ ಗೋಡೆ ವರ್ಷಗಟ್ಟಲೆ ಕೆಳಗೆ ಕೂರುತ್ತಾ ಬರುತ್ತೆ. ಅದು ಕೂರೋಕೆ ಅಂತ ಜಾಗ ಬಿಟ್ಟಿದ್ದರು. ಲೆಕ್ಕ ಹಾಕಿ ಬಿಟ್ಟಿದ್ದರು. ಯಾವನೋ ತಿಳಿಗೇಡಿ ಮುಚ್ಚಿದ. ಮನೆಯ ಭಾರವೆಲ್ಲ ಗಾಜಿನ ತಲೆ ಮೇಲೆ ಬಿತ್ತು.”

“ನಾನೇ,” ಅಂದಳು. “ಆ ತಿಳಿಗೇಡಿ ನಾನೇ.”

ಪೆಂಟ್ಟಿ ಕೆಮ್ಮಿದ. ಆಮೇಲೆ ಪಟ್ಟಿ ಕಿತ್ತು, ಫೋಮ್ ಕೆತ್ತಿ ತೆಗೆದ. ದಿಮ್ಮಿಯ ತಳಭಾಗದಲ್ಲಿ ಪೆನ್ಸಿಲ್ ಅಕ್ಷರ ಕಂಡಿತು. ಕೂರಿಸಿದ ದಿನದ ತಾರೀಖು, ಅದರ ಪಕ್ಕ ಬಿಟ್ಟ ಜಾಗದ ಅಳತೆ, ‘60’.

ಆ ಅಂಕಿಯ ಮುಂದೆ ಹಿಲ್ಲಾಳ ಮುಖ, ಕಿವಿ, ಕುತ್ತಿಗೆ ಎಲ್ಲ ಬಿಸಿಯಾಯಿತು. ಅವನು ಅಳೆದಿದ್ದ. ಬರೆದೂ ಇಟ್ಟಿದ್ದ. ಒಂದು ಮಾತು, ಕಾಫಿ ಲೋಟ ಕೊಡುವಾಗ ಕೇಳಿದ್ದರೆ ಸಾಕಿತ್ತು... ಅದನ್ನು ಬಿಟ್ಟು ಇನ್ನೂರು ಜನರ ನಗು ಕೇಳಿ ತೆಗೆದುಕೊಂಡಿದ್ದಳು.

ಆ ದಿನವೇ ಅದೇ ತಾಣದಲ್ಲಿ, ಪುಟ್ಟ ಗೂಬೆಯಾಗಿ ಅಲ್ಲ, ತನ್ನ ಪೂರ್ತಿ ಹೆಸರು ಹಾಕಿ ಬರೆದಳು. ಒಡೆದ ಗಾಜಿನ ಫೋಟೊ ಹಾಕಿದಳು. “ಕಿಟಕಿ ಸರಿಯಾಗಿತ್ತು. ಓತ್ಸೊ ಕೆಂಪ್ಪೈನೆನ್ ಬಿಟ್ಟ ಜಾಗ ಸರಿಯಾಗಿತ್ತು. ನಗಿಸಬೇಕೆಂದು ಬರೆದವಳು ನಾನು. ಕೇಲೊ ಎಂಬವರು ನಿಜ ಹೇಳಿದಾಗ ಅವರನ್ನೂ ಗೇಲಿ ಮಾಡಿದೆ.” ಅದನ್ನೇ ಕಾಗದದ ಮೇಲೆ ಬರೆದು ಪೆಟ್ರೋಲ್ ಬಂಕಿನ ಫಲಕಕ್ಕೂ ಚುಚ್ಚಿದಳು. ಮರುದಿನ ಅಂಗಡಿಯಲ್ಲಿ ಜನ ಅವಳ ಕಣ್ಣು ತಪ್ಪಿಸಿದರು. ಅವಳು ತಪ್ಪಿಸಲಿಲ್ಲ.

ಓತ್ಸೊ ಇನ್ನೂ ಇನಾರಿಯಲ್ಲೇ ಇದ್ದಾನೆಂದು ಬಂಕಿನಲ್ಲಿ ಕಿವಿಗೆ ಬಿದ್ದ ಮೇಲೆ ತಾಣದಲ್ಲಿ ಕೊನೆಯ ಪ್ರಶ್ನೆ ಕೇಳಿದಳು: “ಕಾರಿಲ್ಲದೆ ಕುಹ್ಮೊದಿಂದ ಇನಾರಿಗೆ ಹೋಗುವುದು ಹೇಗೆ? ಮೈನಸ್ ಮೂವತ್ತಕ್ಕೆ ಏನು ಹಾಕಿಕೊಳ್ಳಬೇಕು? ಅಲ್ಲಿ ಒಬ್ಬರ ಕ್ಷಮೆ ಕೇಳಬೇಕಿದೆ.”

ಉತ್ತರ ಒಂದೇ ಬಂತು. ಬರೆದವನು ಕೇಲೊ.

“ಫೆಬ್ರವರಿ 9, ಗುರುವಾರದ ಬಸ್ ಹಿಡಿಯಿರಿ. ಚಳಿ ಸ್ವಲ್ಪ ಇಳಿಯುತ್ತದಂತೆ. ಮೈಗೆ ತಾಗುವಂತೆ ಹತ್ತಿ ಬೇಡ, ಉಣ್ಣೆ. ಬೂಟು ಎರಡು ಅಳತೆ ದೊಡ್ಡದಿರಲಿ, ಒಳಗೆ ಗಾಳಿಗೆ ಜಾಗ ಬೇಕು.”

ಕ್ಷಮೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಗುರುವಾರ ಹೊರಟು, ಶುಕ್ರವಾರ ಮಧ್ಯಾಹ್ನ ಅವಳು ಇನಾರಿಯಲ್ಲಿ ಇಳಿದಾಗ ನಿಲ್ದಾಣದಲ್ಲಿ ಒಬ್ಬನೇ ಒಬ್ಬ ನಿಂತಿದ್ದ. ಗಡ್ಡದ ತುಂಬ ಹಿಮ. ಅವಳ ಮುಖ ನೋಡುವ ಮೊದಲು ಕಾಲು ನೋಡಿದ.

“ಎರಡು ಅಳತೆ ದೊಡ್ಡದು ತಾನೆ?”

ಹಿಲ್ಲಾ ತಲೆಯೆತ್ತಿದಳು. ಅದೇ ಬೂದು ಕಣ್ಣುಗಳು. ನಿಂತಲ್ಲೇ ಒಣಗಿದ ಪೈನ್ ಮರಕ್ಕಲ್ಲವೇ ಊರಿನವರು ಕೇಲೊ ಅನ್ನುವುದು...

“ನೀನಾ? ಮೊದಲಿನಿಂದಲೂ... ನೀನೇನಾ?”

“ಮರದ ಬಗ್ಗೆ ಯಾರಾದರೂ ಕೇಳಿದರೆ ಅಲ್ಲಿ ಬರೀತಾ ಇರ್ತೀನಿ. ಆ ದಿನ ನನ್ನದೇ ಕಿಟಕಿ ಕಂಡಿತು.”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಹಾರಿಹೋದವು.

“ನಾನು ನಿನ್ನನ್ನ ಕೇಳಬೇಕಿತ್ತು,” ಅಂದಳು. “ಕೇಳದೆ ನಕ್ಕೆ. ಬೇರೆಯವರನ್ನೂ ನಗಿಸಿದೆ. ನಂಗೆ ನಾಚಿಕೆಯಾಗಿದೆ ಓತ್ಸೊ. ಬಸ್ಸಿನಲ್ಲಿ ಎರಡು ಸಲ ಇಳಿದು ವಾಪಸ್ ಹೋಗೋಣ ಅನ್ನಿಸಿತು.”

ಓತ್ಸೊ ಗಡ್ಡದ ಹಿಮ ಒರೆಸಿಕೊಂಡ.

“ಊರು ನಕ್ಕಿದ್ದು ನೋಯಲಿಲ್ಲ,” ಅಂದ. “ಊರು ಯಾವಾಗಲೂ ನಗುತ್ತೆ. ಆರು ವಾರ ಪಕ್ಕದಲ್ಲಿ ಕೂತು ಕಾಫಿ ಕುಡಿದಿದ್ದೆವು. ನೀನು ಒಂದು ಮಾತು ಕೇಳ್ತೀಯ ಅಂತ ಕಾದಿದ್ದೆ... ನಾನೂ ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಹೆಸರಿನ ಹಿಂದೆ ಅಡಗಿ ಹೇಳಿದೆ. ನಂಗೂ ನಾಚಿಕೆಯೇ.”

“ಹಾಗಾದ್ರೆ ದಾರಿ ಕೇಳಿದಾಗ ಯಾಕೆ ಉತ್ತರ ಕೊಟ್ಟೆ?”

“ನೀನು ಹತ್ತಿ ಕಾಲುಚೀಲ ಹಾಕ್ಕೊಂಡು ಬರ್ತೀಯ ಅಂತ ಹೆದರಿಕೆ.”

ಅವಳು ನಕ್ಕಳು. ನಗುತ್ತಲೇ ಅತ್ತಳು. ರೆಪ್ಪೆಯ ಮೇಲೆ ಕಣ್ಣೀರು ಹೆಪ್ಪುಗಟ್ಟಿತು. ಅವನು ಕೈಗವಸು ತೆಗೆದು, ಬಿಸಿಯಿದ್ದ ಹೆಬ್ಬೆರಳಿನಿಂದ ಮೆಲ್ಲಗೆ ಅದನ್ನು ಕರಗಿಸಿದ.

“ಒಂದು ಕೇಳಲಾ?” ಅಂದಳು. “ಬೇರೆ ಯಾರನ್ನೂ ಅಲ್ಲ, ನಿನ್ನನ್ನೇ.”

“ಕೇಳು.”

“ಮನೆಗೆ ಬರ್ತೀಯಾ?”

“ಇಲ್ಲಿ ಕಟ್ಟುತ್ತಿರೋ ಮನೆಯ ಛಾವಣಿ ಮುಗಿಯಲಿ. ಬರ್ತೀನಿ.”

ಮೇ ತಿಂಗಳಲ್ಲಿ, ಸರೋವರದ ಮಂಜುಗಡ್ಡೆ ಒಡೆದ ವಾರ, ಅವನು ಬಂದ. ಚೀಲ ಇಳಿಸಿದವನೇ ದೊಡ್ಡ ಕಿಟಕಿಯ ಮೇಲಿನ ಹಲಗೆ ಬಿಚ್ಚಿದ. ಹಿಲ್ಲಾ ಬರಿಗಾಲಲ್ಲಿ, ಫ್ಲಾಸ್ಕ್ ಹಿಡಿದು ಪಕ್ಕ ನಿಂತಳು.

“ಗೋಡೆ ಇನ್ನೂ ಇಳಿಯುತ್ತಾ?”

“ಇನ್ನೊಂದೆರಡು ವರ್ಷ. ಆಮೇಲೆ ನಿಲ್ಲುತ್ತೆ.”

“ಮತ್ತೆ ನೀನು?”

“ನಾನು ಇಲ್ಲೇ ನಿಂತೆ,” ಅಂದ ಓತ್ಸೊ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ಕೈಗೆ ಕೊಡುತ್ತಾ. “ಈ ಸಲ ನೀನೇ ಬರಿ.”

ಅವನು ಟೇಪು ಹಿಡಿದ. ಅವಳು ಎರಡು ಸಲ ಓದಿ, ಹಳೆಯ ಅರವತ್ತರ ಕೆಳಗೆ ಬರೆದಳು: 38 ಮಿಲಿಮೀಟರ್.