ಮಧ್ಯಾಹ್ನವೇ ಇಳಿಯುವ ಮುಳ್ಳು

"ನಾನು ಸುಳ್ಳು ಬರೀತೀನಿ ಅನ್ಕೊಂಡ್ರಾ, ವಿಂಧ್ಯಾ ಅವರೇ?"

ಯಶವಂತ್ ವಿಮಾನದ ಲಾಗ್‌ಬುಕ್ಕನ್ನು ಅವಳ ಮೇಜಿನ ಮೇಲಿಟ್ಟ. ದನಿ ಏರಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಚುರುಕ್ಕೆಂದಿತು!

ವಡೋದರದ ಆ ಪುಟ್ಟ ಫ್ಲೈಯಿಂಗ್ ಸ್ಕೂಲಿನಲ್ಲಿ ಅವನು ಹಾರಾಟ ಕಲಿಸುವ ಪೈಲಟ್, ಅವಳು ವಿಮಾನ ರಿಪೇರಿಯ ಎಂಜಿನಿಯರ್. ಕನ್ನಡ ಬಲ್ಲವರು ಇವರಿಬ್ಬರೇ. ಈ ತಿಂಗಳು ನಾಲ್ಕು ಸಲ ಅವನು ಬರೆದು ತಂದದ್ದು ಒಂದೇ ದೂರು: ಹಾರುವಾಗ ಇಂಧನದ ಒತ್ತಡ ಇಳಿಯುತ್ತದೆ. ನಾಲ್ಕು ಸಲವೂ ಅವಳು ಬೆಳಿಗ್ಗೆ ಆರಕ್ಕೆ ಎಂಜಿನ್ ಓಡಿಸಿ ನೋಡಿ, 'ದೋಷವಿಲ್ಲ' ಎಂದು ಸಹಿ ಹಾಕಿದ್ದಳು.

"ಪ್ರೆಶರ್ ತೋ ಬಹಾನಾ ಹೈ, ವಿಂಧ್ಯಾಬೆನ್!" ಎಂದು ಮೆಕ್ಯಾನಿಕ್ ರಾಕೇಶ್‌ಭಾಯಿ ಕಾಲೆಳೆಯುತ್ತಿದ್ದ. ದೂರು ಬರೀ ನೆಪವಂತೆ, ಯಶವಂತನಿಗೆ ನೋಡಬೇಕಿರುವುದು ಇವಳನ್ನಂತೆ! ಅವಳು ಹೊರಗೆ ಸಿಡುಕಿ ಒಳಗೊಳಗೇ ಹಿಗ್ಗುತ್ತಿದ್ದಳು. ಪೆದ್ದಿ! ಆ ಹಿಗ್ಗಿನಲ್ಲೇ ಆಳವಾಗಿ ಹುಡುಕುವುದನ್ನು ಬಿಟ್ಟಿದ್ದಳು.

"ನಂಗೆ ಹಾರೋಕೆ ಭಯ ಅಂತಿದಾರೆ ಸ್ಕೂಲಿನ ಚೀಫ್. ನಾಳೆ ಮಧ್ಯಾಹ್ನ ಸ್ಟೂಡೆಂಟ್‌ನ ಕೂರಿಸ್ಕೊಂಡು ಇದ್ರಲ್ಲೇ ಹಾರ್ಬೇಕಂತೆ, ಇಲ್ಲಾಂದ್ರೆ ಕೆಲಸ ಬಿಡ್ಬೇಕಂತೆ. ನಾನು ಹಾರಲ್ಲ."

ಅಷ್ಟೇ ಹೇಳಿ ಯಶವಂತ್ ಹೊರಟುಹೋದ.

ಮಧ್ಯಾಹ್ನ... ಅವಳು ಪುಟ ತಿರುವಿದಳು. ನಾಲ್ಕೂ ದೂರು ಮಧ್ಯಾಹ್ನದವು! ತಾನೋ, ಮೇ ತಿಂಗಳ ಬಿಸಿಲಿಗೆ ಅಂಜಿ ತಂಪು ಹೊತ್ತಿನಲ್ಲೇ ಪರೀಕ್ಷಿಸಿದವಳು.

ಗಂಟೆ ಎರಡಾಗಿತ್ತು. ವಿಮಾನವನ್ನು ಹೊರಗೆಳೆಸಿ ಎಂಜಿನ್ ಚಾಲೂ ಮಾಡಿದಳು. ಇಪ್ಪತ್ತು ನಿಮಿಷ ಇಂಧನ ಒತ್ತಡದ ಗೇಜಿನ ಮುಳ್ಳು ಅಲುಗಲಿಲ್ಲ. ಆಮೇಲೆ ನಡುಗಿತು, ಇಳಿಯಿತು. ಇಂಧನ ತಳ್ಳುವ ಎಲೆಕ್ಟ್ರಿಕ್ ಪಂಪ್ ಹಾಕಿದರೆ ಏರಿತು, ಆರಿಸಿದರೆ ಮತ್ತೆ ಇಳಿಯಿತು!

ಎಂಜಿನ್ ಆರಿದ ಮೇಲೆ ಮುಚ್ಚಳ ಬಿಚ್ಚಿದಳು. ಹಿಡಿದಿಡುವ ಕ್ಲಾಂಪ್ ಸಡಿಲಾಗಿ, ಇಂಧನದ ಪೈಪು ಎಂಜಿನ್ನಿನ ಬಿಸಿ ಹೊಗೆ ಕೊಳವೆಯ ಪಕ್ಕಕ್ಕೇ ಜೋತುಬಿದ್ದಿತ್ತು. ಮಧ್ಯಾಹ್ನದ ಬಿಸಿಲೂ ಸೇರಿದಾಗ ಕಾದ ಪೈಪಿನೊಳಗೆ ಪೆಟ್ರೋಲು ಆವಿಯಾಗಿ ಒತ್ತಡ ಇಳಿಯುತ್ತಿತ್ತು.

ಅವನು ಮೇಲಿದ್ದಾಗ ಎಂಜಿನ್ ನಿಂತಿದ್ದರೆ? ಅವಳು ಕೂಡಲೇ ಲಾಗ್‌ಬುಕ್ ತೆರೆದು ಪೆನ್ನು ಹಿಡಿದಳು.

ಸಂಜೆ ಕ್ಯಾಂಟೀನಿನಲ್ಲಿ ಅವನ ಮುಂದೆ ಬುಕ್ ಹಿಡಿದಳು. 'ಪೈಲಟ್ ದೂರು ನಿಜ. ನನ್ನ ಹಿಂದಿನ ನಾಲ್ಕು ಪರೀಕ್ಷೆಗಳು ಸಾಲದವು. ತಪ್ಪು ನನ್ನದು.'

"ಚೀಫ್‌ಗೆ ತೋರಿಸಿದೀನಿ. ನಿಮ್ಮ ಕೆಲಸಕ್ಕೇನೂ ಆಗಲ್ಲ."

"ನಿಮ್ಮ ಲೈಸೆನ್ಸ್‌ಗೆ ತೊಂದ್ರೆ ಆದ್ರೆ?"

"ಆಗ್ಲಿ. ನಿಮಗೇನಾದ್ರೂ ಆಗಿದ್ರೆ..." ಅವಳ ಕಣ್ಣು ತುಂಬಿತು.

ಆದರೂ ಒಳಗೊಂದು ಸಂಕಟ. ದೂರು ನಾಲ್ಕೂ ನಿಜವಾದರೆ ನೆಪ ಒಂದೂ ಇರಲಿಲ್ಲವಲ್ಲ!

"ಅಂದ್ರೆ... ನನ್ನ ನೋಡೋಕೆ ಅಂತ ಒಂದ್ಸಲಾನೂ ಬರ್ಲಿಲ್ವಾ ನೀವು?"

ಯಶವಂತ್ ಮೆಲ್ಲಗೆ ನಕ್ಕ.

"ದೂರು ಬರೆದು ಬುಕ್ ಆಫೀಸಲ್ಲಿ ಇಟ್ರೆ ನನ್ನ ಕೆಲಸ ಮುಗೀತು. ಬೇರೆ ಪೈಲಟ್ ಯಾರಾದ್ರೂ ಬುಕ್ ಹೊತ್ಕೊಂಡು ನಿಮ್ಮ ಟೇಬಲ್ ತನಕ ಬಂದಿದಾರಾ, ವಿಂಧ್ಯಾ?"

ಇಲ್ಲ... ಒಬ್ಬರೂ ಇಲ್ಲ! ಅವಳ ಕೆನ್ನೆ ಬಿಸಿಯಾಯಿತು.

"ಪೈಪ್ ಸರಿ ಮಾಡಿಬಿಟ್ಟೆ. ಇನ್ನು ದೂರೇ ಇರಲ್ಲ."

"ಗೊತ್ತು."

"ಆದ್ರೂ ಬರ್ತೀರಾ?"

"ದಿನಾ," ಎಂದ ಅವನು.